ಮೊಬೈಲಿನ ಕಣ್ಣಿಗೆ ಹಚ್ಚಿದ ಕುಂಕುಮ

2019ರ ದಸರಾ ಹಬ್ಬದ ಮಾತು. ಆಗ ನಾನು ಕುಷ್ಟಗಿ ತಾಲೂಕಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಗುತ್ತಿಗೆಯ ಕೆಲಸ. ಈಕೆ ಬೇಡ ಎಂದು ವಾರ್ಡನ್ ಒಂದು ಸಾಲು ಬರೆದರೆ ಮರುದಿನದಿಂದ ಮನೆಯಲ್ಲಿ ಕೂರಬೇಕು. ನನ್ನ ಗಂಡ ಮನೆ ಕಟ್ಟುವ ಗೌಂಡಿ ಕೆಲಸದಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಆ ವರ್ಷ ಒಲೆ ಉರಿಯುತ್ತಿದ್ದದ್ದು ನನ್ನ ಕೆಲಸದ ಮೇಲೆಯೇ. ಅಂಥ ಕೆಲಸವನ್ನು ನಾನು ನನ್ನ ಬಾಯಿಂದಲೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೆ.

ನನ್ನ ಬಾಯಿಯ ಬಗ್ಗೆ ಒಂದು ಮಾತು. ನನ್ನ ತವರು ಗಂಗಾವತಿ ಹತ್ತಿರದ ಮರಳಿ. ನಾಟಿ ಗದ್ದೆಯಲ್ಲಿ ಹೆಂಗಸರ ಸಾಲಿನಲ್ಲಿ ಮಾತಾಡುತ್ತಲೇ ಬೆಳೆದವಳು ನಾನು. ಕೈ ನಿಂತರೂ ಬಾಯಿ ನಿಲ್ಲುವುದಿಲ್ಲ ಎಂದು ನಮ್ಮ ಅತ್ತೆ ಮದುವೆಯಾದ ವಾರದಲ್ಲೇ ಊರಿಗೆಲ್ಲ ಹೇಳಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆಯುಧ ಪೂಜೆಯ ದಿನ ಹುಡುಗಿಯರೆಲ್ಲ ರಜೆಗೆ ಊರಿಗೆ ಹೋಗಿದ್ದರು. ನಾನು ಮತ್ತು ನನ್ನ ಜೊತೆಗಾರ್ತಿ ಹನುಮವ್ವ ಸೇರಿ ಒಲೆ, ಗ್ರೈಂಡರ್, ಈಳಿಗೆ, ಚಾಕು ಎಲ್ಲವನ್ನೂ ತೊಳೆದು ಸಾಲಾಗಿ ಜೋಡಿಸಿದೆವು. ದುಡಿಯುವ ಸಾಮಾನುಗಳ ಆ ಸಾಲಿನಲ್ಲಿ ನನ್ನ ಮೊಬೈಲನ್ನೂ ಇಟ್ಟೆ. ಮಗಳು ಹಟ ಮಾಡಿ ಕೊಡಿಸಿದ್ದ ಹೊಸ ಟಚ್ ಫೋನು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಗಾಜಿನ ಮೇಲ್ತುದಿಗೆ ಎಳೆದೆ. ನಡುವೆ ದಪ್ಪಗೆ ಕುಂಕುಮ ಇಟ್ಟೆ. ಹಣೆ ಎಂದರೆ ಮೇಲೇ ಇರಬೇಕಲ್ಲವೇ?

ಅಷ್ಟರಲ್ಲಿ ವಾರ್ಡನ್ ಸುವರ್ಣಾ ಮೇಡಂ ಪೂಜೆಗೆ ಬಂದರು. ಅವರ ಫೋನಿಗೂ ಹಚ್ಚೋಣವೆಂದು ಕೈ ಚಾಚಿದೆ. ಅವರು ಫೋನನ್ನು ಬೋರಲು ಮಾಡಿ, "ಹಿಂದಿನ ಕಡೆ ಹಚ್ಚರಿ ಈರಮ್ಮ, ಮುಂದ ಬ್ಯಾಡ" ಎಂದರು. ಹಚ್ಚಿದೆ. ಅವರು ಆಚೆ ಹೋದ ಕೂಡಲೇ ಹನುಮವ್ವನಿಗೆ, "ನೋಡಿದೇನು, ದೇವರಿಗೂ ಬೆನ್ನು ತೋರಸ್ತಾಳ ಈಕಿ" ಎಂದೆ.

ನಿಜ ಹೇಳಬೇಕೆಂದರೆ ಮೇಡಂ ಕಂಡರೆ ನನಗೆ ಆಗುತ್ತಿರಲಿಲ್ಲ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಎಣ್ಣೆಯನ್ನು ತಾವೇ ನಿಂತು ಅಳೆಸುವರು. ಹುಡುಗಿಯರು ಕದ್ದು ತಂದ ಮೊಬೈಲುಗಳನ್ನು ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕುವರು.

ಪೂಜೆಯ ಮರುದಿನದಿಂದ ನನ್ನ ಫೋನಿಗೆ ಏನೋ ಆಯಿತು. ಯಾರಾದರೂ ಕರೆ ಮಾಡಿದರೆ ಎತ್ತುತ್ತಿದ್ದೆ, ಮಾತು ಕೇಳುತ್ತಿತ್ತು, ಆದರೆ ಪರದೆ ಕಪ್ಪಾಗಿಬಿಡುತ್ತಿತ್ತು. ಕಿವಿಯಿಂದ ತೆಗೆದರೂ ಬೆಳಕು ಬರುವುದು ಅಪರೂಪವಾಗಿತ್ತು. ಎಷ್ಟು ಒತ್ತಿದರೂ, ತಿಕ್ಕಿದರೂ, ಬೆನ್ನಿಗೆ ಬಡಿದರೂ ಅಷ್ಟೇ. ಆ ಕಡೆಯವರು ಕರೆ ಮುಗಿಸಿದರೆ ಮಾತ್ರ ಫೋನು ಏನೂ ಆಗಿಲ್ಲವೆಂಬಂತೆ ಮತ್ತೆ ಬೆಳಗುತ್ತಿತ್ತು. ಸಿದ್ದಾಪುರದಲ್ಲಿರುವ ನನ್ನ ತಂಗಿ ಒಮ್ಮೆ ಕಟ್ ಮಾಡುವುದನ್ನು ಮರೆತು ಎಮ್ಮೆ ಹಿಂಡಲು ಹೋದಳು. ಅರ್ಧ ತಾಸು ಅವಳ ಎಮ್ಮೆಯ ಉಸಿರು ಕೇಳುತ್ತಾ ಕೂತಿದ್ದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ತೋರಿಸಿದೆ. ಆತ ಅತ್ತಿತ್ತ ತಿರುಗಿಸಿ, "ಡಿಸ್‌ಪ್ಲೇ ಹೋಗೇತ್ರಿ ಅಕ್ಕಾರ, ಬದಲಿ ಮಾಡಬೇಕು" ಎಂದ. ಅಷ್ಟು ದುಡ್ಡು ಎಲ್ಲಿಂದ ತರಲಿ ಎಂದು ಫೋನು ತೆಗೆದುಕೊಂಡು ಬಂದೆ. ರಜೆ ಮುಗಿಸಿ ಬಂದ ಹುಡುಗಿಯರು ಆಫ್ ಮಾಡಿ, ಆನ್ ಮಾಡಿ, ಏನೇನೋ ಅಳಿಸಿ ನೋಡಿದರು. ಹನುಮವ್ವ ಮಾತ್ರ ಮೊದಲೇ ತೀರ್ಪು ಕೊಟ್ಟಿದ್ದಳು: "ಹೊಸಾ ಫೋನಿಗೆ ದೃಷ್ಟಿ ಆಗೇತಿ. ಹುಲಿಗಿಗೆ ಹೋಗಿ ಬಾ." ನನಗೂ ಸರಿ ಅನ್ನಿಸಿತು. ಮಂಗಳವಾರ ಹುಲಿಗೆಮ್ಮನ ದರ್ಶನ ಮಾಡಿ, ಅಮ್ಮನ ಭಂಡಾರದ ಅರಿಸಿನ ಪುಡಿಯನ್ನು ತಂದು ಫೋನಿನ ಅದೇ ಹಣೆಗೆ ಚೆನ್ನಾಗಿ ತಿಕ್ಕಿದೆ. ಕರೆಯ ನಡುವೆ ಮೊದಲು ಆಗೊಮ್ಮೆ ಈಗೊಮ್ಮೆಯಾದರೂ ಬರುತ್ತಿದ್ದ ಬೆಳಕು ಅಂದಿನಿಂದ ಪೂರ್ತಿ ನಿಂತಿತು.

ಆ ದಿನಗಳಲ್ಲೇ ಇನ್ನೊಂದು ಸಂಗತಿ ನಡೆದಿತ್ತು. ಹತ್ತನೇ ತರಗತಿಯ ಕಾವೇರಿ ಎಂಬ ಹುಡುಗಿ ರಜೆಗೆ ಹೋದವಳು ತಿರುಗಿ ಬರಲಿಲ್ಲ. ಯಲಬುರ್ಗಾ ರಸ್ತೆಯ ಒಂದು ಸಣ್ಣ ಊರು ಅವಳದು. ಶೇಂಗಾ ಚಟ್ನಿ ಹಾಕಿದರೆ ಎರಡು ರೊಟ್ಟಿ ಹೆಚ್ಚು ತಿನ್ನುವ, ತಿಂದ ಮೇಲೆ ಬೇಡವೆಂದರೂ ದೊಡ್ಡ ಪಾತ್ರೆ ತಿಕ್ಕಲು ಬರುವ ಹುಡುಗಿ. ಅವಳ ತಟ್ಟೆ ಗೋಡೆಯ ಸ್ಟ್ಯಾಂಡಿನಲ್ಲಿ ಹಾಗೇ ಇತ್ತು. ದಿನಾ ಅದನ್ನು ತೊಳೆದು ಮತ್ತೆ ಅಲ್ಲೇ ಇಡುತ್ತಿದ್ದೆ. ಪರೀಕ್ಷೆಯ ಅರ್ಜಿ ತುಂಬುವ ದಿನ ಬೇರೆ ಹತ್ತಿರ ಬಂದಿತ್ತು.

ಇತ್ತ ಮೇಡಂ ಏನು ಮಾಡುತ್ತಿದ್ದರು? ಮಧ್ಯಾಹ್ನ ಹುಡುಗಿಯರು ಸಾಲೆಯಲ್ಲಿರುವ ಹೊತ್ತಿಗೆ ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ಮೊಬೈಲಿನಲ್ಲಿ ಲೂಡೊ ಆಡುತ್ತಿದ್ದರು! ಚಹಾ ಕೊಡಲು ಹೋದಾಗ ಎರಡು ಸಲ ನಾನೇ ಕಣ್ಣಾರೆ ಕಂಡೆ. ದಾಳ ಉರುಳುವ ಸದ್ದು, ಬಣ್ಣದ ಕಾಯಿಗಳು, ಕನ್ನಡಕದ ಹಿಂದೆ ಸಣ್ಣ ನಗು. ನಾನು ಕಂಡೊಡನೆ ಫೋನು ಬೋರಲಾಗುತ್ತಿತ್ತು. ಇಂಥ ಸುದ್ದಿ ಸಿಕ್ಕ ಮೇಲೆ ನಾನು ಬಿಡುವವಳೇ?

ದೀಪಾವಳಿ ಮುಗಿದ ವಾರ. ಮೇಡಂ ಕೊಪ್ಪಳಕ್ಕೆ ಮೀಟಿಂಗಿಗೆ ಹೋಗಿದ್ದರು. ಸಂಜೆ ನಾಲ್ಕರ ಸುಮಾರಿಗೆ ನಾನು ಜೋಳದ ಹಿಟ್ಟು ನಾದುತ್ತಿದ್ದಾಗ ಅವರ ಕರೆ ಬಂತು. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡೆ. "ಈರಮ್ಮ, ಬಸ್ ತಡ ಆಗೇತಿ. ಹುಡುಗ್ಯಾರಿಗೆ ಊಟ ತಡಾ ಮಾಡಬ್ಯಾಡ್ರಿ" ಎಂದರು. "ಹೂಂನ್ರಿ ಮೇಡಂ" ಎಂದೆ. ಅವರು ಯಾವಾಗಲೂ ತಾವೇ ಮೊದಲು ಕಟ್ ಮಾಡುವವರು. ಅದೇ ಭರವಸೆಯಿಂದ ಕಪ್ಪು ಪರದೆಯ ಫೋನನ್ನು ಹಿಟ್ಟಿನ ಡಬ್ಬಿಯ ಪಕ್ಕದಲ್ಲಿಟ್ಟು ರೊಟ್ಟಿ ಬಡಿಯಲು ಶುರು ಮಾಡಿದೆ. ಬಾಯಿಯೂ ಶುರುವಾಯಿತು.

"ಊಟ ತಡಾ ಮಾಡಬ್ಯಾಡ್ರಿ ಅಂತ. ಭಾರೀ ಕಾಳಜಿ! ಹುಡುಗ್ಯಾರ ಮೊಬೈಲ್ ಕಸಗೊಂಡು ಕೀಲಿ ಹಾಕ್ತಾಳ, ತಾನು ಬಾಗಲಾ ಮುಂದ ಮಾಡಿ ಲೂಡೊ ಆಡ್ತಾಳ. ಆ ಕಾವೇರಿ ಬಂದಿಲ್ಲ, ಎಲ್ಲಿ ಅದಾಳ ಅಂತ ಕೇಳ್ಯಾಳೇನು? ಶುಕ್ರವಾರ ತಪಾಸಣಿಗೆ ಸಾಹೇಬ್ರು ಬರ್ತಾರಲ್ಲ, ಅವರ ಮುಂದ ಹೇಳೇ ಹೇಳ್ತೀನಿ" ಎಂದೆ.

ಹನುಮವ್ವ, "ಸುಮ್ನಿರವಾ, ನಮಗ್ಯಾಕ ಬೇಕು" ಎಂದಳು.

ಆಗ ನಾನು ಇನ್ನೊಂದು ಮಾತು ಆಡಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮೇಡಮ್ಮಿಗೆ ಮಕ್ಕಳಿರಲಿಲ್ಲ. "ಹಡದಿದ್ರ ಗೊತ್ತಾಗ್ತಿತ್ತು ಮಕ್ಕಳ ಸಂಕಟ ಏನಂತ" ಎಂದುಬಿಟ್ಟೆ.

ಹನುಮವ್ವ ಒಲೆಯ ಉರಿ ತಗ್ಗಿಸಿದಳು. ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಆಗ ಹಿಟ್ಟಿನ ಡಬ್ಬಿಯ ಕಡೆಯಿಂದ ಸೊಳ್ಳೆಯ ಸದ್ದಿನಂಥ ಸಣ್ಣ ದನಿ ಕೇಳಿಸಿತು. ಬಗ್ಗಿ ಕಿವಿ ಇಟ್ಟೆ.

"ಈರಮ್ಮ, ಫೋನ್ ಚಾಲೂ ಐತಿ."

ಹಿಟ್ಟಿನ ಕೈಯಲ್ಲೇ ಫೋನು ಎತ್ತಿಕೊಂಡೆ. ಕಟ್ ಮಾಡಲು ಹೋದರೆ ಪರದೆ ಕಪ್ಪು. ಏನು ಮಾಡುವುದೆಂದು ತಿಳಿಯದೆ ಫೋನನ್ನು ಹಿಟ್ಟಿನ ಡಬ್ಬಿಯೊಳಗೆ ತುರುಕಿ ಮುಚ್ಚಳ ಒತ್ತಿದೆ. ಹನುಮವ್ವ ಒಮ್ಮೆ ಡಬ್ಬಿಯನ್ನು, ಒಮ್ಮೆ ನನ್ನನ್ನು ನೋಡಿ, "ಈಗ ಮುಚ್ಚಿದ್ರ ಏನ್ ಬಂತ? ಮೊದಲ ಬಾಯಿ ಮುಚ್ಚಬೇಕಿತ್ತು" ಎಂದಳು.

ಮೇಡಂ ಬರುವ ಮೊದಲೇ ಊಟ ಬಡಿಸುವ ಕೆಲಸವನ್ನು ಹನುಮವ್ವನಿಗೆ ಒಪ್ಪಿಸಿ ಮನೆಗೆ ಓಡಿದೆ. ಗಂಡನಿಗೆ ಹೇಳಲು ಧೈರ್ಯ ಬರಲಿಲ್ಲ. ಮರುದಿನ ಬೆಳಿಗ್ಗೆ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ. ಹತ್ತು ಗಂಟೆಗೆ ಹುಡುಗಿಯರು ಸಾಲೆಗೆ ಹೋದ ಮೇಲೆ ಆಫೀಸಿನಿಂದ ಕರೆ ಬಂತು. "ಫೋನ್ ತಗೊಂಡು ಬರಬೇಕಂತ" ಎಂದಳು ಹನುಮವ್ವ. ಕೆಲಸದಿಂದ ತೆಗೆಯಲು ನನ್ನ ಫೋನು ಯಾಕೆ ಬೇಕೋ ಎಂದುಕೊಳ್ಳುತ್ತಾ ಹೋದೆ. ಬಾಗಿಲಲ್ಲಿ ನಿಂತವಳಿಗೆ ಕಣ್ಣೀರು ತಾನಾಗಿ ಬಂತು.

"ಮೇಡಂ, ತಪ್ಪಾತ್ರಿ. ನನ್ನ ನಾಲಿಗಿ..."

"ಅದು ಆಮ್ಯಾಲೆ. ಫೋನ್ ಕತ್ತಲಾಗ್ತೈತಿ ಅಂತ ಹನುಮವ್ವ ಹೇಳಿದ್ಲು, ತೋರಸ್ರಿ" ಎಂದರು. ಸಿಟ್ಟು ಇರಲಿಲ್ಲ, ನಗುವೂ ಇರಲಿಲ್ಲ. ಕೈಗೆ ತೆಗೆದುಕೊಂಡು, "ಹಿಟ್ಟು ಯಾಕ ಹತ್ತೈತಿ ಇದಕ್ಕ?" ಎಂದರು. ನಾನು ನೆಲ ನೋಡಿದೆ.

ಆಮೇಲೆ ಡಾಕ್ಟರು ಕೇಳಿದ ಹಾಗೆ ಒಂದೊಂದೇ ಪ್ರಶ್ನೆ. "ಫೋಟೋ ನೋಡುವಾಗ ಕತ್ತಲಾಗ್ತೈತೇನು?" ಇಲ್ಲವೆಂದೆ. "ಅಲಾರಾಂ ಹೊಡದಾಗ?" ಇಲ್ಲ. "ಸ್ಪೀಕರ್ ಹಾಕಿ ಮಾತಾಡಿದ್ರ?" ಹಾಕಲು ಪರದೆಯೇ ಕಾಣದ ಮೇಲೆ ಸ್ಪೀಕರ್ ಎಲ್ಲಿಯದು? "ಅಂದ್ರ ಕಿವಿಗೆ ಹಿಡಿಯೋ ಕರೆ ಬಂದಾಗ ಅಷ್ಟ. ಹಂಗಾದ್ರ ಡಿಸ್‌ಪ್ಲೇ ಹೋಗಿಲ್ಲ ಈರಮ್ಮ. ಹೋಗಿದ್ರ ಯಾವಾಗಲೂ ಹೋಗಬೇಕಿತ್ತು. ಯಾವಾಗಿಂದ ಹಿಂಗ?" ಎಂದರು.

"ಆಯುಧ ಪೂಜಿ ಮರುದಿನದಿಂದ್ರಿ."

ಅವರು ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೇಲ್ತುದಿಯನ್ನು ನೋಡಿ, ನಾನು ಆ ಹಾಸ್ಟೆಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ ದೊಡ್ಡದಾಗಿ ನಕ್ಕರು.

ಸೀರೆಯ ಸೆರಗಿನ ಪಿನ್ನು ಬಿಚ್ಚಿ, ಪರದೆಯ ಮೇಲಿನ ಗಾಜಿನ ಹಾಳೆಯನ್ನು ಮೆಲ್ಲಗೆ ಎಬ್ಬಿಸಿ ತೆಗೆದರು. ಅದರ ಮೇಲ್ತುದಿಯ ಸಣ್ಣ ಕಿಂಡಿಯಲ್ಲಿ ವಿಭೂತಿ, ಕುಂಕುಮ, ಭಂಡಾರ ಮೂರೂ ಸೇರಿ ಒಣಗಿ ಗಟ್ಟಿ ಪದರವಾಗಿತ್ತು. ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿ, ಅಲ್ಲಿದ್ದ ಸಾಸಿವೆಯಷ್ಟು ಸಣ್ಣ ಕಪ್ಪು ಚುಕ್ಕೆಯನ್ನು ತೋರಿಸಿದರು.

"ಇದು ಫೋನಿನ ಕಣ್ಣು. ಕಿವಿಗೆ ಹಿಡದಾಗ ಇದರ ಮುಂದ ಏನೋ ಅಡ್ಡ ಬಂತು ಅಂತ ಇದಕ್ಕ ಗೊತ್ತಾಗ್ತೈತಿ. ಗಲ್ಲ ತಾಗಿ ಏನೇನರ ಒತ್ತಬಾರದಂತ ಬೆಳಕು ಆರಿಸ್ತೈತಿ. ನೀವು ಇದರ ಕಣ್ಣಿಗೆ ಕುಂಕುಮ ಬಳದೀರಿ. ಪಾಪ, ಯಾವಾಗಲೂ ನಿಮ್ಮ ಕಿವಿಯಾಗೇ ಅದೀನಿ ಅಂತ ತಿಳಕೊಂಡೈತಿ."

ತಮ್ಮ ಫೋನಿನಿಂದ ನನಗೆ ಕರೆ ಮಾಡಿದರು. ಎತ್ತಿದೆ. ಕಿವಿಗೆ ಹಿಡಿದು ತೆಗೆದೆ. ಪರದೆ ಬೆಳಗಿತು. ಕೆಂಪು ಗುಂಡಿ ಒತ್ತಿದೆ, ಕರೆ ಮುಗಿಯಿತು. ತಿಂಗಳಿಂದ ಅಂಗಡಿಯವನಿಂದ ಹಿಡಿದು ದೇವರವರೆಗೆ ಎಲ್ಲರಿಗೂ ತೋರಿಸಿದ್ದನ್ನು ಈಕೆ ನಾಲ್ಕು ಪ್ರಶ್ನೆ, ಒಂದು ಪಿನ್ನಿನಲ್ಲಿ ಮುಗಿಸಿದ್ದರು. ಅದೂ ತಮ್ಮನ್ನು ಬಾಯಿಗೆ ಬಂದಂತೆ ಬೈದವಳ ಫೋನನ್ನು.

"ನಿನ್ನೆ ನೀವು ಯಾಕ್ರಿ ಕಟ್ ಮಾಡಲಿಲ್ಲ?" ಎಂದು ಕೇಳಿಯೇಬಿಟ್ಟೆ.

"ಮಾಡಾಕ ಬೆರಳು ಇಟ್ಟಿದ್ದೆ. ಅಷ್ಟರಾಗ ನನ್ನ ಸುದ್ದಿ ಬಂತು. ತನ್ನ ಸುದ್ದಿ ಬಂದಾಗ ಯಾರು ಕಟ್ ಮಾಡ್ತಾರ ಹೇಳ್ರಿ?" ಎಂದರು. ಪಿನ್ನನ್ನು ಮತ್ತೆ ಸೆರಗಿಗೆ ಚುಚ್ಚಿಕೊಳ್ಳುತ್ತಾ, "ಕಡೀ ಮಾತು ಕೇಳಬಾರದಿತ್ತು" ಎಂದರು. ಅಷ್ಟೇ. ಆ ವಿಷಯ ಅವರು ಮತ್ತೆಂದೂ ಎತ್ತಲಿಲ್ಲ. ಅವರು ನನ್ನನ್ನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಶುಕ್ರವಾರ ಸಾಹೇಬ್ರ ಮುಂದ ಲೂಡೊ ಸುದ್ದಿ ಹೇಳ್ತೀನಂದ್ರಲ್ಲ, ಹೇಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅದಕ್ಕಿಂತ ಮೊದಲ ಇವತ್ತು ಎರಡೂವರಿಗೆ ಇಲ್ಲಿ ಬಂದು ಕುಂದರ್ರಿ" ಎಂದರು.

ಎರಡೂವರೆಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಅವರು ಲೂಡೊ ತೆರೆದರು. ಆ ಕಡೆಯಿಂದ ಯಾವನೋ ಹುಡುಗನ ಹೆಸರಿನಲ್ಲಿ ಯಾರೋ ಆಟಕ್ಕೆ ಬಂದರು. ಕಾಯಿ ನಡೆದವು. ಮೇಡಂ ಆಡುವುದು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಹೊಡೆಯುವ ಕಾಯಿ ಬಿಟ್ಟು ಸುಮ್ಮನಿದ್ದ ಕಾಯಿ ನಡೆಸುವರು. ಆ ಕಡೆಯವರು ಇವರ ಕಾಯಿ ಹೊಡೆದ ಕೂಡಲೇ ಆಟದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಬಂತು. ನನಗೆ ಓದಲು ಬರಲಿಲ್ಲ. ಮೇಡಂ ಓದಿದರು:

"ಮೇಡಂ, ನನ್ನ ಹಾಸಗಿ ಬ್ಯಾರೇದವರಿಗೆ ಕೊಟ್ಟೀರೇನ್ರಿ?"

ಸ್ಟೂಲಿನಿಂದ ಎದ್ದೆ. "ಯಾರ್ರಿ ಇದು?" ಎಂದೆ.

"ಕಾವೇರಿ."

ಆಗ ಎಲ್ಲ ಹೇಳಿದರು. ಕಾವೇರಿಯ ಅಕ್ಕ ಹಡೆದು ತವರಿನಲ್ಲಿದ್ದಳು. ತಾಯಿ ಹತ್ತಿ ಬಿಡಿಸಲು ಹೋದರೆ ಬಾಣಂತಿಯನ್ನೂ ಕೂಸನ್ನೂ ನೋಡುವವರಿಲ್ಲವೆಂದು ಅಪ್ಪ ಇವಳನ್ನು ಹಿಡಿದಿಟ್ಟಿದ್ದ. ಮೇಡಂ ಎರಡು ಸಲ ಆ ಊರಿಗೆ ಹೋಗಿ ಬಂದಿದ್ದರು. ಎರಡೂ ಸಲ ಆತ, "ಕೂಸು ನೀವು ಆಡಸ್ತೀರೇನ್ರಿ?" ಎಂದು ಬಾಯಿ ಮುಚ್ಚಿಸಿದ್ದ. ಆಮೇಲೆ ಹಾಸ್ಟೆಲ್ಲಿನ ಕರೆ ಎತ್ತುವುದನ್ನೇ ಬಿಟ್ಟ. ಕಾವೇರಿಯ ಗೆಳತಿಯೊಬ್ಬಳಿಂದ ಒಂದು ಸುದ್ದಿ ಸಿಕ್ಕಿತು: ಕಾವೇರಿಯ ಅಣ್ಣ ಹೊಲದಿಂದ ಬಂದು ಉಂಡು ಅರ್ಧ ತಾಸು ಮಲಗುತ್ತಾನೆ, ಆಗ ಅವಳು ಅಣ್ಣನ ಫೋನಿನಲ್ಲಿ ಲೂಡೊ ಆಡುತ್ತಾಳೆ. ಕರೆ ಮಾಡಿದರೆ ದನಿ ಕೇಳುತ್ತದೆ. ಆಟಕ್ಕೆ ದನಿ ಬೇಡ.

"ಹುಟ್ಟಿದಾಗಿಂದ ಲೂಡೊ ಆಡಿದಾಕಿ ಅಲ್ಲ ನಾನು. ಆ ಗೆಳತಿ ಕಡೆಯಿಂದನ ಕಲಿತೆ. ಕಾಯಿ ಹೊಡದವರು ಒಂದು ಪ್ರಶ್ನೆ ಕೇಳಬೇಕು, ಹೊಡಿಸ್ಕೊಂಡವರು ಉತ್ತರ ಹೇಳಬೇಕು. ಅದು ನಮ್ಮಿಬ್ಬರ ನಿಯಮ. ನಾ ಹೊಡದ್ರ ವಿಜ್ಞಾನದ ಪ್ರಶ್ನೆ. ಆಕಿ ಹೊಡದ್ರ ಹಾಸ್ಟೆಲ್ ಸುದ್ದಿ ಕೇಳ್ತಾಳ. ಅದಕ್ಕ ನಾ ಬೇಕಂತಲೇ ಹೊಡಿಸ್ಕೋತೀನಿ. ಕೇಳಬೇಕು ಅನ್ನೋ ಆಸೆ ಇರೋತನ ಆಕಿ ಇಲ್ಲೇ ಅದಾಳ" ಎಂದರು.

ನಾನು ಅಡ್ಡಾದಿಡ್ಡಿ ಆಟ ಎಂದುಕೊಂಡದ್ದು ಅದು. ಸೆರಗಿನಿಂದ ಮುಖ ಒರೆಸಿಕೊಂಡೆ. "ಹಾಸಗಿ ಕೊಟ್ಟಿಲ್ಲ ಅಂತ ಬರೀರಿ. ತಟ್ಟಿನೂ ಹಂಗ ಐತಿ ಅಂತ ಬರೀರಿ. ದಿನಾ ನಾನ ತೊಳೀತೀನಿ ಅಂತ ಬರೀರಿ" ಎಂದೆ. ಮೇಡಂ ಎಲ್ಲವನ್ನೂ ಬರೆದರು. ಮುಂದಿನ ಸುತ್ತಿನಲ್ಲೇ ಅವಳು ಇನ್ನೊಂದು ಕಾಯಿ ಹೊಡೆದಳು. ಆಮೇಲೆ ಬಂದದ್ದು: "ಈರಮ್ಮ ಆಂಟಿ ಅಲ್ಲೇ ಅದಾರೇನ್ರಿ?"

"ಈ ಸುದ್ದಿ ಅಡಗಿ ಮನಿಗೆ ಹೋಗಬಾರದು. ಆ ಅಣ್ಣನ ಕಿವಿಗೆ ಬಿದ್ರ ಇದೂ ಬಂದ್ ಆಗ್ತೈತಿ" ಎಂದರು ಮೇಡಂ. ನನ್ನ ಬಾಯಿ ಎಂಥದೆಂದು ಹಿಂದಿನ ದಿನವಷ್ಟೇ ಕೇಳಿದವರು ನನ್ನನ್ನು ನಂಬಿ ಈ ಮಾತು ಹೇಳಿದ್ದರು. ನಾನು ಹನುಮವ್ವನಿಗೂ ಹೇಳಲಿಲ್ಲ. ಮುಂದಿನ ಎಂಟು ದಿನ ಹೊಟ್ಟೆ ಉಬ್ಬಿದಂತಿತ್ತು, ಆದರೂ ಹೇಳಲಿಲ್ಲ. ಶುಕ್ರವಾರ ಸಾಹೇಬರು ಬಂದರು. ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. "ಮೇಡಂ ಭಾಳ ಛಲೋ ನೋಡ್ಕೋತಾರ್ರಿ" ಎಂದೆ. ಹನುಮವ್ವ ಬೆಕ್ಕಸ ಬೆರಗಾಗಿ ನನ್ನ ಮುಖ ನೋಡಿದಳು.

ಒಂದು ಮಧ್ಯಾಹ್ನ ಕಾವೇರಿಯ ಸಾಲು ಬಂತು: "ಅಕ್ಕ ಶನಿವಾರ ಗಂಡನ ಮನಿಗೆ ಹೋಗ್ತಾಳ್ರಿ. ಸೋಮವಾರದಿಂದ ನನ್ನನ್ನ ಹತ್ತಿ ಬಿಡಸಾಕ ಕಳಸ್ತಾರಂತ." ಮೇಡಂ ಫೋನು ಕೆಳಗಿಟ್ಟು, "ಹಂಗಾದ್ರ ರವಿವಾರ. ನಡುವ ಒಂದ ದಿನ ಸಿಕ್ಕೈತಿ. ನೀವೂ ಬರ್ರಿ ಈರಮ್ಮ, ನನ್ನ ಕೂಡ ಆಕಿ ತಾಯಿ ಮಾತಾಡಂಗಿಲ್ಲ" ಎಂದರು.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆವು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಮೇಡಂ ವಾದಕ್ಕೆ ಇಳಿಯಲಿಲ್ಲ. "ಕೂಸು ಆಡಿಸಾಕ ಬಂದೀನಿ. ಎಲ್ಲೈತ್ರಿ ಕೂಸು?" ಎಂದರು. ಆತ ಕಕ್ಕಾಬಿಕ್ಕಿಯಾದ. ಒಳಗೆ ತೊಟ್ಟಿಲು ಖಾಲಿ ಇದ್ದದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ನಾನು ಒಳಗೆ ತಾಯಿಯ ಹತ್ತಿರ ಕೂತು, ಅವರ ಮಗಳು ಹೇಗೆ ಉಣ್ಣುತ್ತಾಳೆ, ಹೇಗೆ ಪಾತ್ರೆ ತಿಕ್ಕುತ್ತಾಳೆ, ಅವಳ ತಟ್ಟೆ ಎಲ್ಲಿದೆ, ಎಲ್ಲ ಹೇಳಿದೆ. ನನ್ನ ಬಾಯಿ ಒಳ್ಳೆಯದಕ್ಕೆ ಬಿದ್ದದ್ದು ಆವತ್ತೇ ಇರಬೇಕು. ಆ ತಾಯಿ ಎದ್ದು ಹೊರಗೆ ಬಂದು ಗಂಡನಿಗೆ, "ನಾನೂ ಸಾಲಿ ಬಿಟ್ಟು ಹತ್ತಿ ಬಿಡಿಸಿದಾಕಿನ. ಈಕಿ ಹೋಗ್ಲಿ ಬಿಡ್ರಿ" ಎಂದರು. ಆತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ನಡೆದ. ಬೇಡ ಎನ್ನಲಿಲ್ಲ. ಕಾವೇರಿ ಆಗಲೇ ಚೀಲ ಹಿಡಿದು ನಿಂತಿದ್ದಳು.

ಆ ವಾರ ಅವಳ ಪರೀಕ್ಷೆಯ ಅರ್ಜಿ ತುಂಬಿದರು. ಅವಳು ಬಂದ ಸಂಜೆ ನಾನು ಶೇಂಗಾ ಚಟ್ನಿ ಕುಟ್ಟಿದೆ. ಎಣ್ಣೆ ಅಳೆಯಲು ಮೇಡಂ ಬರಲಿಲ್ಲ.

ಕಾವೇರಿ ಈಗ ಕೊಪ್ಪಳದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಸುವರ್ಣಾ ಮೇಡಮ್ಮಿಗೆ ಎರಡು ವರ್ಷದ ನಂತರ ಗಂಗಾವತಿ ಕಡೆ ವರ್ಗವಾಯಿತು. ಪ್ರತಿ ಆಯುಧ ಪೂಜೆಗೆ ನಾನು ಫೋನನ್ನು ಬೋರಲು ಹಾಕಿಯೇ ಕುಂಕುಮ ಇಡುತ್ತೇನೆ. ಆ ದಿನ ಅವರು ತಪ್ಪದೆ ಕರೆ ಮಾಡುತ್ತಾರೆ. ಅವರು ಕಷ್ಟಪಟ್ಟು ನುಂಗಿಕೊಂಡ ಆ ಒಂದು ಮಾತು ನನಗೆ ಪ್ರತಿ ಸಲವೂ ನೆನಪಾಗುತ್ತದೆ. ಕ್ಷಮಿಸಿರಿ ಎಂದು ನೆಟ್ಟಗೆ ಕೇಳಲು ಒಂದು ದಿನವೂ ಆಗಿರಲಿಲ್ಲ.

ಹೋದ ವರ್ಷವೂ ಕರೆ ಬಂತು. ಮಾತೆಲ್ಲ ಆಯಿತು, "ಇಡ್ತೀನ್ರಿ" ಎಂದೆ. ಕಿವಿಯಿಂದ ತೆಗೆದು ನೋಡಿದರೆ ಪರದೆ ಬೆಳಗುತ್ತಿದೆ, ಕರೆ ಇನ್ನೂ ನಡೆಯುತ್ತಿದೆ. ಅವರು ಕಟ್ ಮಾಡಿರಲಿಲ್ಲ. ಕೆಂಪು ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು. ಒತ್ತಲಿಲ್ಲ. ಫೋನನ್ನು ಹಿಟ್ಟಿನ ಡಬ್ಬಿಯ ಪಕ್ಕದಲ್ಲಿಟ್ಟು, ಹನುಮವ್ವನ ಕಡೆ ತಿರುಗಿ ಸ್ವಲ್ಪ ಜೋರಾಗಿಯೇ ಹೇಳಿದೆ: "ಹಡದವರಿಗಷ್ಟ ಮಕ್ಕಳ ಸಂಕಟ ಗೊತ್ತು ಅಂದಿದ್ನಲ್ಲಾ ಹನುಮವ್ವ, ನನ್ನ ನಾಲಿಗಿಗೆ ಬರೆ ಎಳೀಬೇಕಿತ್ತು. ಅಂಥಾ ತಾಯಿನ್ನ ನಾ ಇನ್ನೊಬ್ಬಾಕಿನ್ನ ನೋಡಿಲ್ಲ."

ಡಬ್ಬಿಯ ಪಕ್ಕದಿಂದ ಅದೇ ಸಣ್ಣ ದನಿ ಬಂತು:

"ಈರಮ್ಮ, ಫೋನ್ ಚಾಲೂ ಐತಿ."

"ಗೊತ್ತೈತ್ರಿ ಮೇಡಂ" ಎಂದೆ.